ರಿಜಿಸ್ಟರಿನಲ್ಲಿ ಬೀಳದ ಮರಗಳು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಮನೆಯಲ್ಲಿ ಏನೋ ಸಣ್ಣ ರಿಪೇರಿ ನಡೆಯುತ್ತಿರುತ್ತದೆ, ಎಲ್ಲಿಂದಲೋ ಒಂದು ವಾಸನೆ ಮೂಗಿಗೆ ಬರುತ್ತದೆ, ಅಷ್ಟೇ... ಸತ್ತುಹೋದವರೊಬ್ಬರು ಪಕ್ಕದಲ್ಲೇ ಬಂದು ನಿಂತ ಹಾಗೆ ಆಗುತ್ತದೆ. ತಿರುಗಿ ನೋಡಲೂ ಧೈರ್ಯ ಬರುವುದಿಲ್ಲ.

ನನಗೆ ಹೋದ ವಾರ ಆಯಿತು. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಗೋಣಿಕೊಪ್ಪಲಿನಿಂದ ಅಂಗಡಿಯವನು ಬಂದಿದ್ದ. ಮುಚ್ಚಳ ಬಿಚ್ಚಿದ ಕೂಡಲೇ ಹುಳಿಹುಳಿಯಾಗಿ ಗಂಟಲಿಗೆ ಅಂಟುವ ಆಸಿಡ್ ವಾಸನೆ ಬಂತು. ಅದು ನಮ್ಮೂರ ಸಬ್‌ಸ್ಟೇಷನ್ನಿನ ಆಪರೇಟರ್ ಅಣ್ಣನ ಖಾಕಿ ಅಂಗಿಯ ವಾಸನೆ. ಸ್ಟೇಷನ್ನಿನ ಬ್ಯಾಟರಿ ರೂಮಿನಲ್ಲಿ ಸಾಲಾಗಿಟ್ಟ ಬ್ಯಾಟರಿಗಳನ್ನು ಅವರು ಒಂದೊಂದಾಗಿ ಬಗ್ಗಿ ನೋಡಿ ನೀರು ಹಾಕುತ್ತಿದ್ದರು. ಅಂಗಿಯ ಎದೆಯ ಮೇಲೆ ಆಸಿಡ್ ಸಿಡಿದು ಸಾಸಿವೆ ಕಾಳಿನಷ್ಟು ತೂತುಗಳು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. "ನೋಡು, ಸೊಳ್ಳೆಪರದೆ ಹೊಲ್ಸ್ಕೊಂಡು ಡ್ಯೂಟಿಗೆ ಹೋಗ್ತಾರೆ ನಮ್ ಸಾಹೇಬ್ರು" ಎಂದು ಅಕ್ಕ ಆಡಿಕೊಳ್ಳುತ್ತಿದ್ದರು.

ಪೋಸ್ಟ್ ಉದ್ದ ಇದೆ. ಪುರುಸೊತ್ತಿಲ್ಲದವರು ಮುಂದೆ ಹೋಗಿ, ಬೇಜಾರಿಲ್ಲ. ಇದರಲ್ಲಿ ನಗು ಸ್ವಲ್ಪ, ಉಳಿದದ್ದು ಬೇರೆ. ನನ್ನ ತಪ್ಪೂ ಇದೆ, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮದು ದಕ್ಷಿಣ ಕೊಡಗಿನ ಒಂದು ಊರು. ಹೆಸರು ಬೇಡ. ನಮ್ಮ ಸಬ್‌ಸ್ಟೇಷನ್ನಿಗೆ ಕರೆಂಟ್ ಬರುವುದು ಒಂದೇ ಒಂದು ಲೈನಿನಿಂದ. ಆ ಲೈನ್ ಕಾಫಿ ತೋಟ, ಆಮೇಲೆ ಕಾಡು, ಮತ್ತೆ ತೋಟ ಹಾದು ಬರುತ್ತದೆ. ಕಾಫಿಗೆ ನೆರಳು ಬೇಕು, ಹಾಗಾಗಿ ತೋಟದವರು ಕೊಂಬೆ ಮುಟ್ಟಲು ಬಿಡುವುದಿಲ್ಲ. ಸಿಲ್ವರ್ ಓಕ್ ಗಾಳಿಗೆ ಮುರಿದು ಬೀಳುತ್ತದೆ. ಬೈನೆ ಮರವನ್ನು ಆನೆ ತಳ್ಳಿ ಉರುಳಿಸುತ್ತದೆ. ಬಿದಿರು ಬಾಗಿ ತಂತಿಗೆ ತಾಗುತ್ತದೆ. ಲೈನ್ ಎಲ್ಲಿ ಹರಿದರೂ ಸುತ್ತಮುತ್ತಲ ಊರೆಲ್ಲ ಒಟ್ಟಿಗೇ ಕತ್ತಲು. ಬೇರೆ ದಿಕ್ಕಿನಿಂದ ಇನ್ನೊಂದು ಲೈನ್ ಇದ್ದರೆ, ಇದು ಹೋದಾಗ ಅದರಿಂದ ಕರೆಂಟ್ ತೆಗೆದುಕೊಳ್ಳಬಹುದು. ಎರಡನೇ ಲೈನ್ ಬೇಕು, ಎರಡನೇ ಲೈನ್ ಬೇಕು ಎಂದು ಊರವರು ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿದ್ದರು.

ಎಲ್ಲರಿಗಿಂತ ಹೆಚ್ಚು ಅದು ಬೇಕಾಗಿದ್ದದ್ದು ಅಣ್ಣನಿಗೆ. ಅಕ್ಕನ ಶ್ವಾಸಕೋಶ ಹಾಳಾಗಿತ್ತು. ಮೈಸೂರಿನ ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಲು ಆಕ್ಸಿಜನ್ ಮೆಷಿನ್ ಬರೆದುಕೊಟ್ಟಿದ್ದರು. ಕರೆಂಟಿನಲ್ಲಿ ಓಡುವ ಮೆಷಿನ್, ಅದರಿಂದ ಒಂದು ಸಣ್ಣ ಪೈಪು ಅಕ್ಕನ ಮೂಗಿಗೆ. ಕ್ವಾರ್ಟರ್ಸ್ ಇದ್ದದ್ದು ಸ್ಟೇಷನ್ನಿನ ಬೇಲಿಗೆ ತಾಗಿಕೊಂಡು. ಕರೆಂಟ್ ಹೋದರೆ ಇನ್ವರ್ಟರ್ ಕೆಲವು ಗಂಟೆ, ಆಮೇಲೆ ಒಂದು ಸಿಲಿಂಡರ್. ಅದೂ ಮುಗಿದರೆ ಗೋಣಿಕೊಪ್ಪಲಿನಿಂದ ಜೀಪಿನಲ್ಲಿ ಇನ್ನೊಂದು ಬರಬೇಕು.

"ಇವ್ರ ಕರೆಂಟ್ ನಂಬ್ಕೊಂಡು ಉಸ್ರಾಡ್ತಾ ಇವ್ನಿ ನೋಡವ್ವಾ, ನನ್ನಂಥ ದಡ್ಡಿ ಇನ್ಯಾರಾದ್ರೂ ಅವ್ರಾ?" ಎನ್ನುತ್ತಿದ್ದರು ಅಕ್ಕ. ಅಣ್ಣ ಕಿವಿ ಕೇಳಿಸದವರ ಹಾಗೆ ಮೆಷಿನ್ನಿನ ಜಾಲರಿಯ ಧೂಳು ಕೊಡವುತ್ತಿದ್ದರು. ಇಬ್ಬರೂ ಶಿರಂಗಾಲದ ಕಡೆಯವರು, ಹೊಲ ಬಿಟ್ಟು ಕೆಲಸಕ್ಕೆಂದು ಬಂದವರು. ಮಾತು ಪೂರ್ತಿ ಹಾಸನದ ಕಡೆಯದು. ನಮ್ಮ "ಎಂತ", "ಉಂಟು" ಕೇಳಿ ಅಕ್ಕ ನಗುತ್ತಿದ್ದರು, ನಗುವಾಗ ಕೆಮ್ಮು ಬರುತ್ತಿತ್ತು...

ಒಂದು ಬೇಸಿಗೆಯಲ್ಲಿ ಸುದ್ದಿ ಬಂತು. ಕರೆಂಟ್ ಪದೇಪದೇ ಹೋಗದ ಹಾಗೆ ಜಿಲ್ಲೆಯ ಲೈನ್‌ಗಳನ್ನು ಸುಧಾರಿಸಲು ಪ್ಲಾನ್ ಹಾಕುತ್ತಿದ್ದಾರೆ, ನಮ್ಮ ಭಾಗಕ್ಕೆ ಒಂದು ಎರಡನೇ ಲೈನ್ ಸಿಗುತ್ತದೆ. ಒಂದೇ. ಪಟ್ಟಿಯಲ್ಲಿ ಇದ್ದದ್ದು ನಮ್ಮ ಸ್ಟೇಷನ್, ಮತ್ತೆ ಅತ್ತ ಕಡೆಯ ಇನ್ನೊಂದು. ಹಿಂದಿನ ಮೂರು ವರ್ಷದ ರಿಜಿಸ್ಟರ್ ನೋಡಿ, ಎಲ್ಲಿ ಹೆಚ್ಚು ಸಲ ಲೈನ್ ಕೆಟ್ಟಿದೆಯೋ ಅಲ್ಲಿಗೆ. ರಿಜಿಸ್ಟರ್ ನೋಡಿ ಕಂಪ್ಯೂಟರಿಗೆ ಏರಿಸಲು ಸರ್ವೆಯವರಿಗೆ ಸ್ಥಳೀಯರೊಬ್ಬರು ಬೇಕಿತ್ತು. ನನಗೆ ಟೈಪಿಂಗ್ ಗೊತ್ತಿತ್ತು, ಮನೆ ಸ್ಟೇಷನ್ನಿಂದ ಎರಡು ತಿರುವು ದೂರ. ಕೆಲಸ ನನಗೇ ಸಿಕ್ಕಿತು.

ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಕಂಟ್ರೋಲ್ ರೂಮಿನಲ್ಲಿ ಕೂರುತ್ತಿದ್ದೆ. ಅಣ್ಣನ ಅಕ್ಷರ ಮುತ್ತಿನ ಹಾಗೆ. ದಿನಾಂಕ, ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಕಾರಣ. ಕಾರಣದ ಜಾಗದಲ್ಲಿ ಪುಟಗಟ್ಟಲೆ ಒಂದೇ ಮಾತು: ಎಲ್.ಸಿ. ಅಂದರೆ ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಆಪರೇಟರ್ ಹತ್ತಿರ ಕೇಳಿ ಕರೆಂಟ್ ತೆಗೆಸುವುದು. ಬೇಕೆಂದೇ ತೆಗೆದರೆ ಎಲ್.ಸಿ., ತಾನಾಗಿ ಹೋದರೆ ಟ್ರಿಪ್.

ನಾಲ್ಕನೇ ದಿನ ಒಂದು ಸಾಲು ನೋಡಿ ನನಗೆ ನಗು ತಡೆಯಲಿಲ್ಲ.

"ಅಣ್ಣಾ, ಇದು ನಮ್ಮ ಮನೆ ತಿರುವಲ್ಲಿ ಆನೆ ಬೈನೆ ಮರ ತಳ್ಳಿದ ದಿನ ಅಲ್ವಾ? ಮೂರು ದಿನ ಕರೆಂಟ್ ಇರ್ಲಿಲ್ಲ. ಇಲ್ಲಿ ಎಲ್.ಸಿ. ಅಂತ ಉಂಟಲ್ಲ! ಆನೆ ಬಂದು ನಿಮ್ಮ ಹತ್ರ ಎಲ್.ಸಿ. ತಗೊಂಡು ಹೋಯ್ತಾ?"

"ಹೂಂ ಕಣವ್ವಾ. ಸೈನ್ ಬರಲ್ಲ ಅಂತು, ಹೆಬ್ಬೆಟ್ಟು ಒತ್ತುಸ್ಕಂಡೆ."

ಇಬ್ಬರೂ ನಕ್ಕೆವು. ಆಮೇಲೆ ಅವರೇ ಬಿಡಿಸಿ ಹೇಳಿದರು. "ಟ್ರಿಪ್ ಅಂತ ಬರದ್ರೆ ಮೇಲಿಂದ ಕೇಳ್ತಾರೆ. ಯಾಕೋಯ್ತು, ಇಷ್ಟೊತ್ತು ಯಾಕಾಯ್ತು, ಲೈನ್‌ಮನ್ ಏನ್ ಮಾಡ್ತಿದ್ದ ಅಂತ. ಮೆಮೊ ಬರೋದು ಅವ್ರಿಗೆ. ಮಳೇಲಿ ಜಿಗಣೆ ಕಚ್ಚಿಸ್ಕಂಡು ಲೈನ್ ಉದ್ದಕ್ಕೂ ನಡೆಯೋರೂ ಅವ್ರೇ, ಬೈಸ್ಕಳೋರೂ ಅವ್ರೇ. ಹೆಂಗೂ ಮರ ಕಡಿಯಕ್ಕೆ ಎಲ್.ಸಿ. ತಗೊಂಡೇ ತಗೋತಾರೆ. ಅದನ್ನ ಒಸಿ ಮುಂಚಿಂದ್ಲೇ ಬರೀತೀನಿ, ಅಷ್ಟೆಯ."

ನಮ್ಮ ಸ್ಟೇಷನ್ನಿನಲ್ಲಿ ಅದು ರೂಢಿ. ಯಾರೂ ಅದನ್ನು ಸುಳ್ಳು ಎಂದುಕೊಂಡಿರಲಿಲ್ಲ. ನಾನೂ ಎಂದುಕೊಳ್ಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡುತ್ತಾ ಹೋದೆ. ಮೂರು ವರ್ಷದ ಮರಗಳು...

ಒಂದು ಗುರುವಾರ ಪ್ಲಾನಿಂಗ್ ಸಾಹೇಬರು ಬಂದರು. ಲೈನ್ ಯಾರಿಗೆ ಎಂದು ವರದಿ ಬರೆಯಬೇಕಾದವರು ಅವರೇ. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಅಂಗಳದಲ್ಲಿ ನಿಂತಿದ್ದ ಮೂವರು ಲೈನ್‌ಮನ್‌ಗಳಿಗೂ ನಮಸ್ಕಾರ ಹೇಳಿ ಒಳಗೆ ಬಂದರು. ನನ್ನ ಲ್ಯಾಪ್‌ಟಾಪ್ ನೋಡಿ ಅವರ ಹುಬ್ಬು ಮೇಲೇರಿತು.

"ನಿಮ್ಮ ಲೈನ್ ಇಷ್ಟು ಚೆನ್ನಾಗಿದೆಯಾ? ಟ್ರಿಪ್ ಬೆರಳಲ್ಲಿ ಎಣಿಸಬಹುದು. ಆ ಕಡೆ ಸ್ಟೇಷನ್ ನೋಡಿದ್ರೆ ಪುಟ ತುಂಬ ಟ್ರಿಪ್."

"ಇಲ್ಲೂ ಬಾಳ ಹೋಗ್ತದೆ ಸಾರ್" ಎಂದರು ಅಣ್ಣ.

"ಅದೆಲ್ಲ ಎಲ್.ಸಿ. ಅಲ್ವಾ? ಎಲ್.ಸಿ. ನಾವು ಹಿಡಿಯಲ್ಲ. ಅದು ನೀವೇ ತೆಗೆದ ಕರೆಂಟ್."

ಆ ಕಡೆಯ ಆಪರೇಟರ್ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು, ಅಷ್ಟೇ. ಅಲ್ಲಿನ ಲೈನ್‌ಮನ್‌ಗಳು ಮೆಮೊ ತಿಂದು ತಿಂದು ಅವರಿಗೆ ಶಾಪ ಹಾಕುತ್ತಿದ್ದರಂತೆ. ಬೇಲಿಯಾಚೆಯಿಂದ ಅಕ್ಕನ ಮೆಷಿನ್ನಿನ ಗುರ್ ಸದ್ದು ಕೇಳುತ್ತಿತ್ತು. ಅಣ್ಣ ಬಾಗಿಲಾಚೆ ನಿಂತ ಲೈನ್‌ಮನ್‌ಗಳನ್ನು ಒಮ್ಮೆ ನೋಡಿದರು, ಸಾಹೇಬರನ್ನು ಒಮ್ಮೆ ನೋಡಿದರು, ಬಾಯಿ ತೆರೆಯಲಿಲ್ಲ. ತೆರೆದರೆ ಮೂರು ವರ್ಷದ ಮೆಮೊ ಒಟ್ಟಿಗೆ ಆ ಮೂವರ ತಲೆಗೆ.

ಸಾಹೇಬರ ಜೀಪು ಹೋದ ಮೇಲೆ ಅಣ್ಣ ನನ್ನ ಹತ್ತಿರ ಬಂದರು. ಅವರು ನನ್ನ ಹತ್ತಿರ ಏನಾದರೂ ಸಹಾಯ ಕೇಳಿದ್ದು ಅದೊಂದೇ ಸಲ.

"ಅವ್ವಾ, ಸೋಮವಾರದ ಗಂಟ ತಡೀತೀಯಾ? ನಾನೂ ಈ ಲೈನ್‌ಮನ್‌ಗಳೂ ಕೂತ್ಕಂಡು ಯಾವ್ದು ಟ್ರಿಪ್ಪು ಯಾವ್ದು ಎಲ್.ಸಿ. ಅಂತ ಗುರ್ತು ಹಾಕ್ಕೊಡ್ತೀವಿ. ಅದನ್ನ ಸೇರ್ಸಿ ಕಳ್ಸು."

"ಆಯ್ತಣ್ಣ, ಅದಕ್ಕೆಂತ" ಎಂದೆ.

ಕಳಿಸಲು ಕೊನೆಯ ದಿನ ಇದ್ದದ್ದು ಬುಧವಾರ. ಯಾರೂ ಅವಸರ ಮಾಡಿರಲಿಲ್ಲ. ಆದರೆ ಶನಿವಾರ, ಭಾನುವಾರ ಬಾಳೆಲೆಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. ತಲೆಯ ಮೇಲೆ ಕೆಲಸ ಇಟ್ಟುಕೊಂಡು ಮದುವೆಗೆ ಹೋಗುವುದು ಬೇಡ, ಬಂದ ಮೇಲೆ ಮತ್ತೆ ಇದನ್ನೆಲ್ಲ ತಿದ್ದುತ್ತಾ ಕೂರುವವರು ಯಾರು ಅನ್ನಿಸಿತು. ಸೋಮವಾರ ತಿದ್ದುಪಡಿ ಕೊಟ್ಟರೆ ಆಗ ಇನ್ನೊಮ್ಮೆ ಕಳಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಶುಕ್ರವಾರ ಮಧ್ಯಾಹ್ನ ಕಳಿಸಿಬಿಟ್ಟೆ. ಆಮೇಲೆ ಹೋಗಿ ಸೀರೆಗೆ ಫಾಲ್ ಹೊಲಿಸಿದೆ.

ಸೋಮವಾರ ಅಣ್ಣ ಸ್ಟೇಷನ್ ಗೇಟಿನಲ್ಲೇ ಕಾಯುತ್ತಿದ್ದರು. ಕಂಕುಳಲ್ಲಿ ರಿಜಿಸ್ಟರ್.

"ಮದ್ವೆ ಚೆನ್ನಾಗಾಯ್ತೇನವ್ವಾ?" ಎಂದು ಮೊದಲು ಕೇಳಿದರು. ಆಮೇಲೆ ಪುಟ ತೆರೆದು ತೋರಿಸಿದರು. ಎರಡು ದಿನ ಲೈನ್‌ಮನ್‌ಗಳನ್ನು ಕೂರಿಸಿಕೊಂಡು ಪ್ರತಿ ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ ಬರೆದಿದ್ದರು. ಅವರಿಗೆ ತಾರೀಕು ನೆನಪಿರಲಿಲ್ಲ, ಮರ ನೆನಪಿತ್ತು. ಇದು ಹಲಸು. ಇದು ಬಿದಿರು ಮೆಳೆ. ಇದು ಸಿಲ್ವರ್ ಓಕ್, ಮಗಳು ಹುಟ್ಟಿದ ದಿನ. ಇದು ಅತ್ತಿಮರ, ಕೆಳಗೆ ಜೇನು ಎದ್ದು ಓಡಿದ್ದು. ಮೆಮೊ ಬರುತ್ತದೆ ಎಂದು ಗೊತ್ತಿದ್ದೂ ಹೇಳಿ ಬರೆಸಿದ್ದರು. ಅವರಲ್ಲಿ ಹಿರಿಯ ಲೈನ್‌ಮನ್, ಮನೆಮಾತು ಮಲಯಾಳ, ಅಕ್ಕನನ್ನು ಚೇಚಿ ಎನ್ನುವವನು, "ಬರೀರಿ ಅಣ್ಣಾ, ಮೆಮೊ ಬಂದ್ರೆ ಎಂತ, ತಲೆ ಕಡೀತಾರಾ? ಚೇಚಿಗೆ ಉಸಿರು ಬೇಕಲ್ಲ" ಎಂದಿದ್ದನಂತೆ.

"ನಾನು ಕಳಿಸಿಬಿಟ್ಟೆ ಅಣ್ಣಾ" ಎಂದೆ.

"ಯಾವಾಗ?"

"ಶುಕ್ರವಾರ."

ಅಣ್ಣ ರಿಜಿಸ್ಟರ್ ಮುಚ್ಚಿದರು. ಬೈಯಲಿಲ್ಲ. ನನಗೆ ಆಗ ಸಮಾಧಾನವಾಯಿತು, ಅಬ್ಬಾ ಬೈಯಲಿಲ್ಲವಲ್ಲ ಎಂದು. ಎಂಥ ಸಮಾಧಾನ ನೋಡಿ.

ಇನ್ನೊಮ್ಮೆ ಕಳಿಸುತ್ತೇನೆ ಎಂದು ಸರ್ವೆಯವರಿಗೆ ಫೋನ್ ಮಾಡಿದರೆ, ಒಮ್ಮೆ ಬಂದ ಪಟ್ಟಿ ಬದಲಿಸಲು ಸಾಹೇಬರೇ ಒಪ್ಪಬೇಕು ಎಂದರು. ಮರುದಿನ ಅಣ್ಣ ರಜೆ ಹಾಕಿ, ಬಸ್ಸು ಹಿಡಿದು, ಆ ರಿಜಿಸ್ಟರ್ ಸಮೇತ ಸಾಹೇಬರ ಆಫೀಸಿಗೆ ಹೋದರು. ಮೂರು ವರ್ಷ ಬರೆದದ್ದು ಸರಿಯಿಲ್ಲ, ಬರೆದದ್ದು ನಾನೇ, ಲೈನ್‌ಮನ್‌ಗಳದು ತಪ್ಪಿಲ್ಲ ಎಂದು ಹೇಳಿದರು. ಸಾಹೇಬರು ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ ಕೇಳಿದರಂತೆ: "ಇದು ಮೊದಲೇ ಹೀಗೆ ಬಂದಿದ್ರೆ ಸರಿ. ಈಗ ನನ್ನ ಕೈಲಿ ಒಂದು ಪಟ್ಟಿ ಉಂಟು, ನೀವು ಇನ್ನೊಂದು ತಂದಿದ್ದೀರಿ. ಯಾವುದನ್ನು ನಂಬಲಿ? ಲೈನ್ ಬೇಕು ಅಂತ ಈಗ ತಿದ್ದಿದ್ದಲ್ಲ ಅಂತ ಮೇಲಿನವರಿಗೆ ಹೇಗೆ ಹೇಳ್ಲಿ? ನಿಮ್ಮ ಮನೆಯಲ್ಲೇ ಮೆಷಿನ್ ಇದೆಯಂತಲ್ಲ."

ಅಕ್ಕನ ಮೆಷಿನ್ನೇ ಅಣ್ಣನ ಮಾತಿಗೆ ಅಡ್ಡ ನಿಂತಿತು.

ನಮ್ಮ ಸ್ಟೇಷನ್ನಿನ ರಿಜಿಸ್ಟರ್ ನಂಬುವ ಹಾಗಿಲ್ಲ ಎಂದು ಪಕ್ಕಕ್ಕಿಟ್ಟರು. ಎರಡನೇ ಲೈನ್ ಆ ಕಡೆಯ ಸ್ಟೇಷನ್ನಿಗೆ ಹೋಯಿತು. ಅಲ್ಲಿಯವರಿಗೂ ಬೇಕಿತ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅಣ್ಣನಿಗೆ ಸುಳ್ಳು ಬರೆದದ್ದಕ್ಕೆ ನೋಟಿಸ್ ಬಂತು. ನಾನು ಸೋಮವಾರದವರೆಗೆ ತಡೆದಿದ್ದರೆ ಆ ಲೈನ್ ನಮಗೆ ಬರುತ್ತಿತ್ತಾ? ಗೊತ್ತಿಲ್ಲ. ಪ್ಲಾನ್ ಆಗಿ, ಕಂಬ ನಿಂತು, ಅಕ್ಕನಿಗೆ ಹೊತ್ತಿಗೆ ಸಿಗುತ್ತಿತ್ತಾ? ಅದೂ ಗೊತ್ತಿಲ್ಲ. ಕೇಳಿದ್ದು ಮೂರು ದಿನ. ಕೊಡಲಿಲ್ಲ. ಇಷ್ಟು ಗೊತ್ತು.

ಎರಡು ಮಳೆಗಾಲ ಹೇಗೋ ಕಳೆಯಿತು. ಈಗ ಅಣ್ಣ ಟ್ರಿಪ್ ಆದರೆ ಟ್ರಿಪ್ ಎಂದೇ ಬರೆಯುತ್ತಿದ್ದರು. ಲೈನ್‌ಮನ್‌ಗಳಿಗೆ ಮೆಮೊ ಬರುತ್ತಿತ್ತು. ಅವರು ಅಣ್ಣನ ಎದುರು ಏನೂ ಹೇಳುತ್ತಿರಲಿಲ್ಲ.

ಮೂರನೇ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಗಾಳಿ ಎದ್ದಿತು. ಹೆಂಚು ಹಾರುವಂಥ ಗಾಳಿ. ಲೈನ್ ಒಂದಲ್ಲ, ಆರೇಳು ಕಡೆ ಹರಿಯಿತು. ರಸ್ತೆಗೂ ಮರ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರ್ ನಿಂತಿತು, ಸಿಲಿಂಡರ್ ಹಾಕಿದರು. ತೋಟದ ಬಂಗಲೆಯಲ್ಲಿ ಜನರೇಟರ್ ಇತ್ತು, ಅಲ್ಲಿಗೆ ಅಕ್ಕನನ್ನು ಹೊತ್ತುಕೊಂಡು ಹೋಗೋಣ ಎಂದರೆ ನಡುವಿನ ತೋಡು ಉಕ್ಕಿ, ದಾಟುವ ಮರದ ಸಂಕ ಕೊಚ್ಚಿಹೋಗಿತ್ತು. ಗೋಣಿಕೊಪ್ಪಲಿನಿಂದ ಸಿಲಿಂಡರ್ ಹೊತ್ತು ಹೊರಟ ಜೀಪು ಬಿದ್ದ ಮರಗಳ ಆಚೆ ಸಿಕ್ಕಿಕೊಂಡಿದೆ ಎಂದು ಮಾರನೇ ದಿನ ಬೆಳಿಗ್ಗೆ ಸುದ್ದಿ ಬಂತು. ಹಿರಿಯ ಲೈನ್‌ಮನ್ ಅದನ್ನು ಹೆಗಲ ಮೇಲೆ ಹೊತ್ತು ತರಲು ನಡೆದೇ ಹೋದ.

ನಾನು ಅಕ್ಕನ ಪಕ್ಕ ಕೂತು ಮೊರದಿಂದ ಗಾಳಿ ಹಾಕುತ್ತಿದ್ದೆ. ಅಣ್ಣನನ್ನು ಬಿಡಿಸಬೇಕಾದ ಆಪರೇಟರ್‌ಗೂ ದಾರಿ ಇಲ್ಲ, ಹಾಗಾಗಿ ಡ್ಯೂಟಿ ಅವರದೇ. ಕಂಟ್ರೋಲ್ ರೂಮಿಗೂ ಮನೆಗೂ ಓಡಾಡುತ್ತಿದ್ದರು. ಸಿಲಿಂಡರಿನ ಮುಳ್ಳು ಕೆಂಪಿಗೆ ಇಳಿದಿತ್ತು.

"ಹೋಗ್ರಿ ಅತ್ಲಾಗೆ" ಎಂದರು ಅಕ್ಕ, ಒಂದೊಂದೇ ಮಾತಿಗೆ ನಿಂತು ನಿಂತು. "ನೀವ್ ಇಲ್ಲಿ ನಿಂತ್ರೆ... ಅಲ್ಲಿ ಫೋನ್ ಎತ್ತೋರು ಯಾರು..."

ಅದೇ ಕೊನೆಯ ಮಾತು. ಅಣ್ಣ ಫೋನ್ ಎತ್ತಲು ಹೋದರು. ಬರುವಷ್ಟರಲ್ಲಿ ನಾನು ಮೊರ ಕೆಳಗಿಟ್ಟಿದ್ದೆ. ಲೈನ್‌ಮನ್ ಸಿಲಿಂಡರ್ ಹೊತ್ತು ಗೇಟಿಗೆ ಬಂದಾಗ ಒಂದು ಗಂಟೆ ತಡವಾಗಿತ್ತು. ಹೆಗಲು ಸುಲಿದು ರಕ್ತ ಬಂದಿತ್ತು. ಅಣ್ಣನ ಮುಖ ನೋಡಿದ. ಸಿಲಿಂಡರನ್ನು ಮೆಟ್ಟಿಲ ಪಕ್ಕ ಸದ್ದಾಗದ ಹಾಗೆ ಇಳಿಸಿ, ಅಲ್ಲೇ ಕೂತುಬಿಟ್ಟ.

ಆಮೇಲೆ ಅವನೇ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ರಸ್ತೆಯ ಮರ ಕಡಿದ. ಅಕ್ಕನನ್ನು ಶಿರಂಗಾಲಕ್ಕೆ ಕೊಂಡುಹೋಗಲು ಜೀಪು ಬರಬೇಕಿತ್ತಲ್ಲ. ಲೈನ್ ಸರಿ ಮಾಡಲು ತಡ ಮಾಡಿದ್ದಕ್ಕೆ ಹದಿನೈದು ದಿನ ಬಿಟ್ಟು ಅವನಿಗೆ ಮೆಮೊ ಬಂತು. ಅಣ್ಣ ಅವತ್ತು ರಿಜಿಸ್ಟರಿನಲ್ಲಿ ಬರೆದದ್ದನ್ನು ನಾನು ನೋಡಿದ್ದೇನೆ. ಟ್ರಿಪ್. ಕಾರಣ, ಮರ ಬಿದ್ದು. ಹೋದ ಹೊತ್ತು, ಬಂದ ಹೊತ್ತು. ಅಕ್ಷರ ಎಂದಿನ ಹಾಗೇ ದುಂಡಗೆ.

ಅಣ್ಣ ರಿಟೈರ್ ಆಗಿ ಊರಿಗೆ ಹೋದರು. ಹೋಗುವ ದಿನ ನಮ್ಮ ಮನೆಗೆ ಬಂದು ಕಾಫಿ ಕುಡಿದರು. ಆ ಶುಕ್ರವಾರದ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಶಿರಂಗಾಲ ಇಲ್ಲಿಂದ ಎಷ್ಟು ದೂರ ಮಾರಾಯ್ರೆ? ಬೆಳಿಗ್ಗೆ ಹೊರಟರೆ ಸಂಜೆಗೆ ತಿರುಗಿ ಬರಬಹುದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಲಿಲ್ಲ. ಹೋದರೆ ಕ್ಷಮೆ ಕೇಳಬೇಕಾಗುತ್ತದೆ ಎಂದು ಹೋಗಲಿಲ್ಲ. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ, ಗೋಣಿಕೊಪ್ಪಲು ಸಂತೆಯಲ್ಲಿ ಆ ಹಿರಿಯ ಲೈನ್‌ಮನ್ ಸಿಕ್ಕಿದಾಗ. ಅವನೂ ಈಗ ರಿಟೈರ್ ಆಗಿದ್ದಾನೆ. ಇನ್ನು ಕ್ಷಮೆ ಕೇಳಲು ಯಾರೂ ಉಳಿದಿಲ್ಲ...

ಇದನ್ನೆಲ್ಲ ಈಗ ಯಾಕೆ ಬರೆದೆ ಎಂದರೆ, ಹೊಸ ಪ್ಲಾನಿಗೆ ಮತ್ತೆ ಸರ್ವೆ ಶುರುವಾಗಿದೆ. ನಮ್ಮ ಸ್ಟೇಷನ್ ಮತ್ತೆ ಪಟ್ಟಿಯಲ್ಲಿದೆಯಂತೆ. ಮತ್ತೆ ಹಿಂದಿನ ರಿಜಿಸ್ಟರ್ ನೋಡುತ್ತಾರೆ. "ಈಗಿನವ್ರು ಎಂತ ಬರೀತಾರೆ?" ಎಂದು ಆ ಹಿರಿಯ ಲೈನ್‌ಮನ್‌ನನ್ನು ಕೇಳಿದೆ. "ಎಲ್.ಸಿ.ಯೇ. ಮತ್ತೆಂತ ಬರೀತಾರೆ? ಲೈನ್‌ಮನ್ ಹುಡುಗ್ರು ಪಾಪ ಅಲ್ವಾ" ಎಂದ. ನಮ್ಮ ಲೈನ್ ಕಾಗದದ ಮೇಲೆ ಈಗಲೂ ಬಹಳ ಚೆನ್ನಾಗಿದೆ. ಈ ಲೈನಿನ ಕೆಳಗೆ ಮೂಗಿಗೆ ಪೈಪು ಹಾಕಿಕೊಂಡು ಮಲಗಿದವರು ಎಷ್ಟು ಮನೆಯಲ್ಲಿ ಇದ್ದಾರೋ, ನನಗೆ ಗೊತ್ತಿಲ್ಲ.

ಆ ಹುಡುಗರಿಗೆ ಮೆಮೊ ಕೊಡಿಸುವುದು ನನಗೂ ಬೇಡ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ, ನಮ್ಮ ಸುತ್ತಿನವರು ಎಲ್ಲರೂ. ನಿಮ್ಮ ಮನೆಯಲ್ಲಿ ಕರೆಂಟ್ ಯಾವತ್ತು ಹೋಯಿತು, ಎಷ್ಟು ಹೊತ್ತಿಗೆ ಬಂತು, ಎಲ್ಲಿ ಯಾವ ಮರ ಬಿತ್ತು, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗೆ ಏನಾಯಿತು, ಕೆಳಗೆ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೆ ಮರ ಬರೆಯಿರಿ, ಸಾಕು. ಒಂದೂ ಬಿಡದೆ ಟೈಪ್ ಮಾಡಿ, ಪಟ್ಟಿ ಹೋಗುವ ಮೊದಲೇ ಸರ್ವೆಯವರ ಕೈಗೆ ನಾನೇ ಕೊಂಡುಹೋಗಿ ಕೊಡುತ್ತೇನೆ.

ಮೊದಲನೆಯದು ನನ್ನದು. ಹೋದ ತಿಂಗಳು, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಯಿತು. ಗುರುವಾರ ಸಂಜೆ ಬಂತು. ಶಾಲೆ ಹಿಂದಿನ ತೋಟ, ಸಿಲ್ವರ್ ಓಕ್, ಎರಡು.